ಸಿಂಗೂರಿಗೆ ಕಟ್ಟಿದ ಗಂಟು

ಮಳೆಗಾಲ ಹಿಂದೆ ಸರಿದು, ಬಿಳಿಜೋಳ ಬಿತ್ತಲು ಹೊಲಗಳು ಹಸನಾಗುತ್ತಿದ್ದ ದಿನಗಳವು. ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ನಡೆದಿದ್ದ ದೊಡ್ಡ ಹರತಾಳಕ್ಕೆ ತಿಂಗಳು ತುಂಬುತ್ತ ಬಂದಿತ್ತು. ನಾರಾಯಣಖೇಡದ ಕಡೆ ಬಸ್ಸೂ ಇಲ್ಲ, ಶಾಲೆಯೂ ಇಲ್ಲ. ಮಂಗಳವಾರ ಬೆಳಿಗ್ಗೆ ರೊಟ್ಟಿ ಬಡಿಯುವ ಹೊತ್ತಿಗೆ ಶಾಲೆಯ ಮಾಸ್ತರ ರಾಜರತ್ನ ಅಂಗಳದಲ್ಲಿ ಕೂತು ಚೀಟಿ ಬರೆಯತೊಡಗಿದ.

“ಅವ್ವಾ, ಅಪ್ಪಾ, ಶುಕ್ರವಾರ ಸಿಂಗೂರ ಡ್ಯಾಮಿಗಿ ಹೋಗಾಮ. ಮಾಂಜ್ರಾ ಹೊಳಿ ದಂಡಿಗಿ ತಾಡಪತ್ರಿ ಕಟ್ಟಿ ಡೇರಾ ಹಾಕಿ ಎರಡು ದಿನ ಅಲ್ಲೇ ಇರಾಮ. ಅಡಗಿ ಅಲ್ಲೇ, ಮಲಗೂದೂ ಅಲ್ಲೇ. ಮಜಾ ಬರ್ತದ.”

ಹೋಗುವವರ ಚೀಟಿಯಲ್ಲಿ ಮೂರೇ ಹೆಸರು. ಸೊಸೆ ಶೋಭಾರಾಣಿ ಮಗಳನ್ನು ಕರೆದುಕೊಂಡು ತಾಂಡೂರಿನ ತವರಿಗೆ ಹೋದವಳು ಬಸ್ಸಿಲ್ಲದೆ ಅಲ್ಲೇ ಉಳಿದಿದ್ದಳು. ಅಂಜಪ್ಪ ಮಗನ ಮಾತಿಗೆ ಹೂಂಗುಟ್ಟಿದ. ಒಲೆಯ ಮುಂದಿದ್ದ ಈಶಮ್ಮ ಮಾತ್ರ ಕೈ ನಿಲ್ಲಿಸಿ ಮಗನ ಮುಖವನ್ನೇ ನೋಡಿದಳು. ಆಮೇಲೆ “ಆತಪ್ಪಾ” ಎಂದು ಮತ್ತೆ ರೊಟ್ಟಿ ಬಡಿಯತೊಡಗಿದಳು.

ಗುರುವಾರ ಸಂಜೆ ಅಂಜಪ್ಪ ಹೆಂಡತಿ ಕಟ್ಟಿಟ್ಟ ಗಂಟು ಎತ್ತಲು ಹೋದರೆ ಅದು ಅಲುಗಲಿಲ್ಲ. ಬಿಚ್ಚಿ ನೋಡಿದ. ತಿಂಗಳಿಗಾಗುವಷ್ಟು ಜೋಳದ ಹಿಟ್ಟು, ಶೇಂಗಾ ಹಿಂಡಿ, ಹಂಚು, ಕೌದಿ. ಎಲ್ಲದರ ಕೆಳಗೆ ಮಣ್ಣು ಹೊರುವ ಬುಟ್ಟಿ, ಹಳೆ ಸೀರೆ ಹರಿದು ತಲೆಗಿಡಲು ಸುತ್ತಿದ ಹೊಸ ಸಿಂಬಿ. ಗೋಡೆಗೆ ಒರಗಿದ್ದ ಸಲಿಕೆಗೂ ಹೊಸ ಮರದ ಕಾವು ಬಂದಿತ್ತು.

“ಎರಡು ದಿನಕ್ಕ ಇಷ್ಟು ಹಿಟ್ಟಾ? ಬುಟ್ಟಿ ಯಾಕ?”

ಈಶಮ್ಮ ದನಿ ತಗ್ಗಿಸಿದಳು. “ಮೆಲ್ಲಕ ಮಾತಾಡ್ರಿ. ಹುಡುಗಂದು ಪಗಾರ ನಿಂತು ತಿಂಗಳಾತು. ಮಾಸ್ತರಾದಾಂವ ಮಣ್ಣು ಹೊರಾಕ ಹೊಂಟೀನಿ ಅಂತ ಹ್ಯಾಂಗ ಬಾಯಿ ಬಿಟ್ಟು ಹೇಳ್ತಾನ? ಅದಕ್ಕ ನಕ್ಕೋತ ಮಜಾ ಅಂದಾನ. ಡ್ಯಾಮಿನ ಹತ್ರ ಡೇರಾ ಹಾಕಿ ಮಜಾ ಮಾಡೋರ್ನ ನೀವು ಎಲ್ಲ್ಯಾರ ನೋಡೀರೇನು?”

ಅಂಜಪ್ಪ ನೋಡಿರಲಿಲ್ಲ. ಮೂವತ್ತು ವರ್ಷದ ಹಿಂದೆ ಅವರಿಬ್ಬರೂ ಅಲ್ಲಿ ಡೇರೆ ಹಾಕಿದ್ದು ಕೂಲಿಗೆ. ಅವನು ಕಲ್ಲು ಒಡೆದ, ಅವಳು ಮಣ್ಣು ಹೊತ್ತಳು. ಗೇಟು ಕೂಡಿಸುವ ಮೊದಲೇ ಇವರ ಗುಂಪು ಬೇರೆ ಕೆಲಸಕ್ಕೆ ಹೋಯಿತು. ಆ ಕಟ್ಟೆಗೆ ನೀರು ನಿಂತದ್ದನ್ನು ಇಬ್ಬರೂ ಕಂಡವರಲ್ಲ.

“ನಿನ್ನ ಮೊಣಕಾಲು?”

“ಬುಟ್ಟಿ ಇರೂದು ತಲಿ ಮ್ಯಾಲ. ಮೊಣಕಾಲಿಗೇನು ಗೊತ್ತಾಗ್ತದ? ಅಂವಗ ರೂಢಿ ಇಲ್ಲ, ಸಲಿಕಿ ಹಿಡೀಲಿ. ಹೊರೂದು ನಾ ಹೊರ್ತೀನಿ. ಅವನ ಮುಂದ ಏನೂ ಅನಬ್ಯಾಡ್ರಿ.”

ಬಾಗಿಲಲ್ಲಿ ರಾಜರತ್ನ ನಿಂತಿದ್ದ. ಮಗನ ಕಣ್ಣು ನೋಡಲಾಗದೆ ಅಂಜಪ್ಪ ಹಿಟ್ಟಿನ ಚೀಲದ ಬಾಯಿ ಕಟ್ಟತೊಡಗಿದ.

ರಾಜರತ್ನ ಬಂದು ಅವ್ವನ ಮಗ್ಗುಲಲ್ಲಿ ಕುಕ್ಕರಗಾಲಲ್ಲಿ ಕೂತ. “ಕೆಲಸಕ್ಕಲ್ಲವ್ವಾ. ಖರೇನೇ ಸುಮ್ನ ಹೊಂಟೀವಿ. ನೀ ಮಣ್ಣು ಹಾಕಿದ ಕಟ್ಟಿ ಮ್ಯಾಲ ನಿಂತು ನೀ ನೀರು ನೋಡ್ಬೇಕು. ಅಷ್ಟೇ.”

“ಬರೇ ನೋಡಾಕ?”

“ಬರೇ ನೋಡಾಕ.”

“ಹಂಗಾದ್ರ ನಾ ಬರಂಗಿಲ್ಲ.”

ಈಶಮ್ಮ ಒಮ್ಮೆ ಇಲ್ಲ ಅಂದರೆ ಅದನ್ನು ತಿರುಗಿಸಿದವರು ಊರಲ್ಲಿ ಇನ್ನೂ ಹುಟ್ಟಿರಲಿಲ್ಲ.

“ಯಾಕವ್ವಾ?”

“ಮಣ್ಣು ಹೊರೂವಾಗ ಒಂಬತ್ತು ಹೆಂಗಸರು ಒಂದೇ ಸಾಲು ಇದ್ವಿ. ನನ್ನ ಮುಂದ ಸಾಯಮ್ಮ, ಹಿಂದ ಮಾಣಿಕಮ್ಮ. ಒಬ್ಬಾಕಿ ಕಾಲಿಗಿ ಮುಳ್ಳು ಚುಚ್ಚಿದ್ರ ಒಂಬತ್ತೂ ಬುಟ್ಟಿ ನಿಲ್ತಿದ್ವು. ಮುಕಾದಮ ಬೈದ್ರೂ ಯಾರೂ ಸಾಲು ಮುರದು ಮುಂದ ಹೋಗ್ತಿದ್ದಿಲ್ಲ. ಈಗ ನಾ ಒಬ್ಬಾಕಿ ಹೋಗಿ ನೀರು ನೋಡಿ ಬಂದು ಸಾಯಮ್ಮಗ ಮಾರಿ ಹ್ಯಾಂಗ ತೋರಸ್ಲಿ?”

ರಾಜರತ್ನ ಅಪ್ಪನ ಕಡೆ ತಿರುಗಿದ. ಅಂಜಪ್ಪ ಎರಡೇ ಮಾತು ಹೇಳಿದ: “ಚೀಟಿ ಹರಿ. ಮೊಗಲಪ್ಪನ ಟ್ರ್ಯಾಕ್ಟರ್ ಕೇಳು.”

ದೀಪ ಹಚ್ಚುವ ಮೊದಲೇ ಈಶಮ್ಮ ಓಣಿ ತಿರುಗಿ ಸಾಲಿನವರನ್ನೆಲ್ಲ ಕರೆದು ಬಂದಳು. “ಕೂಲಿ ಇಲ್ದೆ ಡ್ಯಾಮಿಗಿ? ನಿನ್ನ ಮಗಗ ಓದಿ ಓದಿ ತಲಿ ಕೆಟ್ಟದೇನು?” ಎಂದ ಸಾಯಮ್ಮ, ಹಾಗೆನ್ನುತ್ತಲೇ ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದಿಟ್ಟಳು. ಒಂಬತ್ತರಲ್ಲಿ ಇಬ್ಬರು ತೀರಿಹೋಗಿದ್ದರು. ಉಳಿದವರೆಲ್ಲ ಬರುತ್ತೇವೆಂದರು.

ಬೆಳಿಗ್ಗೆ ಟ್ರಾಲಿ ಹತ್ತಿದ ಏಳು ಜನವೂ ಯಾರೂ ಹೇಳದೆಯೇ ಅಂದಿನ ಸಾಲಿನಂತೆ ಒಬ್ಬರ ಹಿಂದೊಬ್ಬರು ಕೂತರು. ಅಂಜಪ್ಪ ಕಾಲೆತ್ತಿ ಇಡುವಷ್ಟರಲ್ಲಿ ಸಾಯಮ್ಮ ಅಡ್ಡ ಕೈ ಹಾಕಿದಳು. “ಇದು ಮಣ್ಣು ಹೊತ್ತೋರ ಗಾಡಿರೀ ಅಣ್ಣಾ!”

“ಇರ್ಲಿ ಬಿಡ ಸಾಯಮ್ಮ, ಕಲ್ಲು ಒಡದೋರಿಗಿ ಹಿಂದ ಜಾಗ ಅದ,” ಎಂದಳು ಈಶಮ್ಮ. ಟ್ರಾಲಿಯೇ ಅಲುಗುವಂತೆ ಎಲ್ಲರೂ ನಕ್ಕರು.

ತಾಡಪತ್ರಿ ಹೆಗಲಿಗೇರಿಸಿಕೊಂಡು ರಾಜರತ್ನ ಕೆಳಗೇ ನಿಂತಿದ್ದ. “ಮತ್ತ ನಾನು? ನಾ ಮಣ್ಣೂ ಹೊತ್ತಿಲ್ಲ, ಕಲ್ಲೂ ಒಡದಿಲ್ಲ.”

ಈಶಮ್ಮ ಮಾಣಿಕಮ್ಮನ ಕಡೆ ಹಿಂದೆ ಸರಿದು, ತನ್ನ ಮುಂದೆ ಒಂದು ಗೇಣು ಜಾಗ ಮಾಡಿದಳು. “ನೀನೂ ಆ ಸಾಲಿನಾಗ ಆರು ತಿಂಗಳು ಇದ್ದಿ, ನನ್ನ ಹೊಟ್ಟಿಯಾಗ. ಬಾ, ಕೂಡು.”

ಆ ಶುಕ್ರವಾರ ಸಿಂಗೂರಿಗೆ ಹೊರಟವರು ಏಳು ಜನ ಹೆಂಗಸರು, ಒಬ್ಬ ಮುದುಕ, ಮತ್ತು ಅವ್ವನ ಮುಂದೆ ಕಾಲು ಮಡಚಿಕೊಂಡು ಕೂತ ಒಬ್ಬ ಮಾಸ್ತರ.