ದೀಪ ಹಚ್ಚಿದ ಮೇಲೆ

ಆ ಊರಿನಲ್ಲಿ ಇಂಟರ್ನೆಟ್ಟನ್ನೂ ಮೊಸರಿನ ಹಾಗೆ ಮನೆಮನೆಯಲ್ಲಿ ಹೆಪ್ಪು ಹಾಕಿಕೊಳ್ಳುತ್ತಿದ್ದರು. ಗಡಿಗೆಯಲ್ಲಿದ್ದದ್ದು ಕೆಟ್ಟರೆ ಪಕ್ಕದ ಮನೆಯಿಂದ ಒಂದು ಚಮಚ ಹೆಪ್ಪು ತಂದರಾಯಿತು. ದೀಪ ಹಚ್ಚಿದ ಮೇಲೆ ಮಾತ್ರ ಯಾರೂ ಕೊಡುತ್ತಿರಲಿಲ್ಲ. ಕೊಟ್ಟವರ ಗಡಿಗೆಯೂ ಕೆಡುತ್ತದೆಂಬ ಭಯ.

ಅಂದು ಮುಸ್ಸಂಜೆ ಮಹದೇವಿಯ ಮಗಳು ಚಂದ್ರಿಯ ಮೈ ಕೆಂಡದಂತೆ ಸುಡುತ್ತಿತ್ತು. ಫೋನಿನಲ್ಲಿ ಮಗುವನ್ನು ನೋಡುತ್ತಿದ್ದ ಪೇಟೆಯ ಡಾಕ್ಟರು, "ಈಗಲೇ ಕೊಡಬೇಕಾದ ಔಷಧಿ..." ಎನ್ನುವಷ್ಟರಲ್ಲಿ ಗಡಿಗೆ ಕೆಟ್ಟು ಮಾತು ನಿಂತಿತು.

ಮಗುವನ್ನು ಎತ್ತಿಕೊಂಡು ಅವಳು ಪಕ್ಕದ ಮನೆಯ ಮುದುಕಿ ಕೆಂಚಮ್ಮನ ಹತ್ತಿರ ಓಡಿದಳು. ಅಲ್ಲಿ ಆಗಲೇ ದೀಪ ಉರಿಯುತ್ತಿತ್ತು.

"ದೊಡ್ಡವ್ವಾ, ಒಂದೇ ಒಂದು ಚಮಚ!"

"ದೀಪ ಹಚ್ಚಿದ್ಮ್ಯಾಲೆ ಹೆಪ್ಪು ಕೇಳ್ತಾರೇನೇ? ನಾನಂತೂ ಕೊಡಾಕಿಲ್ಲ."

ಮಹದೇವಿ ಮಗುವನ್ನು ಅವಳ ಮುಂದೆ ಚಾಚಿದಳು. ಕೆಂಚಮ್ಮ ಚಂದ್ರಿಯ ಹಣೆ ಮುಟ್ಟಿದಳು. ಆಮೇಲೆ ಗೋಡೆಯ ಕಡೆ ತಿರುಗಿ ಕೂತಳು.

"ಹಿತ್ಲು ಬಾಗ್ಲು ತೆಗ್ದದೆ. ಬೆಕ್ಕು ನುಗ್ಗಿ ಗಡಿಗೆಗೆ ಬಾಯಿ ಹಾಕಿದ್ರೆ ನಾನೇನ್ ಮಾಡ್ಲಿ?"

ಮಹದೇವಿ ಹಿತ್ತಲಿಗೆ ಓಡಿದಳು. ಮನೆಗೆ ಬಂದು ಹೆಪ್ಪು ಬೆರೆಸಿ, ಅದು ಗಟ್ಟಿಯಾಗುವವರೆಗೂ ಮಗುವಿನ ಎದೆಯ ಮೇಲಿಂದ ಕೈ ತೆಗೆಯಲಿಲ್ಲ. ಕೊನೆಗೆ ಡಾಕ್ಟರ ಮುಖ ಮೂಡಿತು. ಅವರು ಹೇಳಿದ ಔಷಧಿ ಮನೆಯಲ್ಲೇ ಇತ್ತು.

ಬೆಳಗಿನ ಹೊತ್ತಿಗೆ ಚಂದ್ರಿ ಬೆವತು ಕಣ್ಣು ಬಿಟ್ಟಳು. ಗೋಡೆಯಾಚೆಯಿಂದ ಕೆಂಚಮ್ಮನ ದನಿ ಬಂತು:

"ಏ ಕಳ್ಳಬೆಕ್ಕೇ, ಮರಿ ಹೆಂಗದೆ?"