ಮಾತು ಬಿಟ್ಟ ಟಿವಿ

"ರಿಪೇರಿ ಆಗಲ್ಲ ಅಂತ ಹೇಳಿಬಿಡಿ ಮಾವ," ಎಂದು ತಿಯಾನಾ ಬಾಗಿಲಲ್ಲೇ ಪಿಸುಗುಟ್ಟಿದಳು.

ಸಲಕರಣೆಯ ಚೀಲ ಹಿಡಿದು ನಿಂತಿದ್ದ ಟಿವಿ ರಿಪೇರಿಯ ಮುದುಕ ವುಕಾಶಿನ್ ಅವಳನ್ನೇ ನೋಡಿದ. ಟಿವಿ ಕೆಟ್ಟಿದೆ ಎಂದು ನೆರೆಮನೆಯಾಕೆ ಸಂತೆಯಲ್ಲಿ ಹೇಳಿದ್ದೇ ತಡ, ಯಾರೂ ಕರೆಯದೆ ಬಂದಿದ್ದ. ಅವನೂ ತಿಯಾನಾಳ ಅತ್ತೆ ಲೆಪೊಸಾವಾಳೂ ಪ್ರಾಯದಲ್ಲಿ ಊರಿನ ಟಿವಿ ಕಾರ್ಖಾನೆಯಲ್ಲಿ ಅಕ್ಕಪಕ್ಕ ಕುಳಿತು ದುಡಿದವರು. ಅಂಥವನನ್ನು ಹೊರಗಿನಿಂದಲೇ ಕಳುಹಿಸುವುದು ಹೇಗೆ?

ತಿಯಾನಾ ಇದ್ದದ್ದನ್ನು ಹೇಳಿಬಿಟ್ಟಳು. ಅತ್ತೆಯ ತಂಗಿ ದರಿಂಕಾ ತೀರಿಕೊಂಡಿದ್ದಾಳೆ. ಅತ್ತೆಗೆ ಗೊತ್ತಿಲ್ಲ. ಸಾವಿನ ಸುದ್ದಿ ಬಂದಾಗ ಅತ್ತೆ ಆಗಷ್ಟೇ ಆಸ್ಪತ್ರೆಯಿಂದ ಮನೆಗೆ ಬಂದಿದ್ದಳು. ಅವಳ ಹೃದಯ ಆಘಾತ ತಡೆಯದು ಎಂದು ವೈದ್ಯರು ಎಚ್ಚರಿಸಿದ್ದರು. ಊರಿನ ಚಾನೆಲ್ಲಿನಲ್ಲಿ ಸಂಜೆ ವಾರ್ತೆ ಮುಗಿದ ಮೇಲೆ ಸತ್ತವರ ಫೋಟೊ ತೋರಿಸಿ ಹೆಸರು ಓದುತ್ತಾರೆ. ನಲವತ್ತನೇ ದಿನದ ಪ್ರಾರ್ಥನೆಗೆ ಇನ್ನೊಮ್ಮೆ ಓದುತ್ತಾರೆ. ಅತ್ತೆ ಅದನ್ನು ಎಂದೂ ತಪ್ಪಿಸಿಕೊಂಡವಳಲ್ಲ. ದೇವರು ದೊಡ್ಡವನು, ಮಣ್ಣು ಮಾಡಿದ ಸಂಜೆಯೇ ಟಿವಿ ಕಣ್ಣು ಮುಚ್ಚಿತು.

ಅಂದಿನಿಂದ ನಗುಮುಖ ಹೊತ್ತು ಓಡಾಡಿ ತಿಯಾನಾಗೆ ಸಾಕಾಗಿತ್ತು. ಫೋನು ಸದ್ದಾದರೆ ಓಡಬೇಕು. ಅಳು ಬಂದರೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಬೇಕು. ದಿನಾ ತಂಗಿಯೊಡನೆ ಮಾತಾಡುತ್ತಿದ್ದ ಅತ್ತೆ, ಅವಳ ಫೋನು ಕೆಟ್ಟಿದೆ ಎಂದ ಕೂಡಲೇ ನಂಬಿದ್ದೊಂದು ಪುಣ್ಯ. ಗಂಡ ಗ್ರಾಡಿಮಿರ್‌ನನ್ನು ಕಾಯುವುದೇ ದೊಡ್ಡ ಪಾಡು. ಮಣ್ಣು ಮಾಡಿ ಬಂದವನು ಅಂಗಳದಲ್ಲಿ ಪ್ಲಮ್ ಸಾರಾಯಿ ಬಗ್ಗಿಸಿಕೊಂಡು, ಕುಡಿಯುವ ಮೊದಲು ಸತ್ತವರ ಪಾಲೆಂದು ಎರಡು ಹನಿ ನೆಲಕ್ಕೆ ಚೆಲ್ಲಿದ್ದ, ಅದೂ ಅತ್ತೆಯ ಕಿಟಕಿಯ ಎದುರಿಗೇ. ತಿಯಾನಾ ಬೈದು ಅವನನ್ನು ಒಳಗೆ ಎಳೆದುಕೊಂಡು ಬಂದಿದ್ದಳು.

"ಟಿವಿ ವಿಷಯದಲ್ಲಿ ನಾನು ಸುಳ್ಳು ಹೇಳಿದವನಲ್ಲ ಕಣಮ್ಮ," ಎಂದ ವುಕಾಶಿನ್. ಆದರೂ ಒಪ್ಪಿ ತಲೆಯಾಡಿಸಿದ.

ಟಿವಿಯನ್ನು ಮಂಚದ ಮೇಲೆ ಬೋರಲು ಮಲಗಿಸಿ ಹಿಂಬದಿ ಬಿಚ್ಚಿದ. ಟಾರ್ಚು ಬಿಟ್ಟು ನೋಡಿದ. ಏನೂ ಸುಟ್ಟಿಲ್ಲ, ಏನೂ ಊದಿಕೊಂಡಿಲ್ಲ. ಕರೆಂಟು ಒಳಗೆ ಬರುವಲ್ಲಿ ಮಾತ್ರ ಒಂದು ಜಾಗ ಖಾಲಿ.

"ಫ್ಯೂಸೇ ಇಲ್ಲ. ಇದು ಕೆಟ್ಟಿಲ್ಲ, ಯಾರೋ ತೆಗೆದಿದ್ದಾರೆ. ನನ್ನ ಹತ್ರಾನೂ ನಾಟಕ ಯಾಕಮ್ಮ?"

"ನಾನಲ್ಲ ಮಾವ, ಆಣೆ ಮಾಡ್ತೀನಿ."

ಹಾಗಾದರೆ ಗ್ರಾಡಿಮಿರ್, ಇನ್ಯಾರು? ಬಲ್ಬು ಬದಲಿಸಲೂ ಗೊಣಗುವ ಗಂಡ ಅಮ್ಮನಿಗಾಗಿ ಇಷ್ಟು ಮಾಡಿ, ಬಾಯಿ ಬಿಡದೆ ಇದ್ದನೇ? ಬಹಳ ದಿನಗಳ ಮೇಲೆ ಅವನ ಬಗ್ಗೆ ಮಮತೆ ಉಕ್ಕಿತು.

ವುಕಾಶಿನ್ ಬಿಚ್ಚಿದ ಸ್ಕ್ರೂಗಳನ್ನು ಅಂಗೈಯಲ್ಲಿ ಹೊರಳಿಸುತ್ತಿದ್ದ. "ಒಂದಕ್ಕೂ ಗೀರು ಬಿದ್ದಿಲ್ಲ, ಪಳಗಿದ ಕೈ," ಎಂದಷ್ಟೇ ಗೊಣಗಿದ.

ಅಷ್ಟರಲ್ಲಿ ಲೆಪೊಸಾವಾ ತಟ್ಟೆಯಲ್ಲಿ ಪ್ಲಮ್ ಸಾರಾಯಿಯ ಎರಡು ಪುಟ್ಟ ಲೋಟ ಇಟ್ಟುಕೊಂಡು ನಿಧಾನವಾಗಿ ಒಳಗೆ ಬಂದಳು. ಗಂಡ ಹೋದಂದಿನಿಂದ ತೆಗೆಯದ ಅದೇ ಕಪ್ಪು ತಲೆವಸ್ತ್ರ.

"ಏನಂತೆ ವುಕಾಶಿನ್, ಬದುಕುತ್ತಾ?"

"ಕಷ್ಟ ಅಕ್ಕ. ಇದರ ಕಥೆ ಮುಗೀತು."

"ಸುಳ್ಳು ಹೇಳೋಕೆ ನಿಂಗೆ ಆವಾಗ್ಲೂ ಬರ್ತಿರಲಿಲ್ಲ."

ಅವನು ಪೆಚ್ಚಾಗಿ ನಕ್ಕು, ಅವಳ ಲೋಟಕ್ಕೆ ತಾಗಿಸಲು ತನ್ನ ಲೋಟ ಮುಂದೆ ಮಾಡಿದ. ಲೆಪೊಸಾವಾ ತನ್ನದನ್ನು ಹಿಂದಕ್ಕೆಳೆದುಕೊಂಡಳು. ಬಗ್ಗಿ, ನೆಲಕ್ಕೆ ಎರಡು ಹನಿ ಚೆಲ್ಲಿದಳು. ಆಮೇಲೆ ಏಪ್ರನ್ನಿನ ಜೇಬಿನಿಂದ ಪುಟ್ಟ ಗಾಜಿನ ಫ್ಯೂಸು ತೆಗೆದು ಅವನ ಅಂಗೈಯಲ್ಲಿಟ್ಟಳು.

"ಸಾವಾದ ಮನೇಲಿ ಟಿವಿ ಹಾಡಬಾರದು. ನಲವತ್ತು ದಿನ ಕಳೀಲಿ, ಆಮೇಲೆ ಹಾಕಿಕೊಡು," ಎಂದು ಸೊಸೆಯ ಕಡೆ ತಿರುಗಿದಳು. "ನೀನು ಇನ್ನು ನಲ್ಲಿ ತಿರುಗಿಸದೇ ಅಳು, ಮಗಳೇ."