ತೂಗದೆ ಕೊಟ್ಟ ಮದ್ದು

“ಮದ್ದು ಹಾಕಿದ ಮೂರನೇ ದಿನಕ್ಕ ಸತ್ತಾವ್ರೀ ಡಾಕ್ಟರಮ್ಮ. ಇನ್ನೇನಂತ ತಿಳೀಬೇಕು ನಾವು?”

ಸುಗ್ರಾ ಬೇಗಂ ಹಳೇ ಬಟ್ಟೆಯ ಗಂಟು ಬಿಚ್ಚಿದಳು. ಎರಡು ಪಾರಿವಾಳದ ಮರಿಗಳು. ಪುಕ್ಕ ಇನ್ನೂ ಸರಿಯಾಗಿ ಮೂಡಿರಲಿಲ್ಲ. ಲಲಿತಾ ತಲೆ ತಗ್ಗಿಸಿದಳು. ರಾಯಚೂರಿನಿಂದ ಮಾನ್ವಿಯವರೆಗೆ ಬಸ್ಸಿನಲ್ಲಿ ಹೊಂದಿಸಿಕೊಂಡು ಬಂದ ಮಾತುಗಳನ್ನು ಬದಿಗಿಟ್ಟು ಮರಿಗಳನ್ನು ಹೊರಳಿಸಿ ನೋಡಿದಳು.

ಅವಳು ರಾಯಚೂರಿನ ಒಂದು ಖಾಸಗಿ ಪಶು ಕ್ಲಿನಿಕ್ಕಿನ ಡಾಕ್ಟರು. ಸೇರಿ ಏಳು ತಿಂಗಳಷ್ಟೇ. ನಾಲ್ಕು ದಿನದ ಹಿಂದೆ ಸುಗ್ರಾಳ ಗಂಡ ವಲಿ ಪಾಷಾ ಬುಟ್ಟಿಯಲ್ಲಿ ಆರು ಮರಿ ತಂದಿದ್ದ. ಗಂಟಲಲ್ಲಿ ಹುಣ್ಣು. ತಕ್ಕಡಿ ಮೇಜಿನ ಮೇಲೇ ಇತ್ತು, ಆದರೆ ಹೊರಗೆ ನಾಯಿ ಹಿಡಿದು ನಿಂತವರ ಸಾಲು, ಹೊಟ್ಟೆಯಲ್ಲಿ ಹಸಿವು. ಕಣ್ಣಳತೆಯಲ್ಲೇ ‘ಒಂದೊಂದಕ್ಕೆ ಮೂರು ಹನಿ, ದಿನಕ್ಕೆ ಎರಡು ಸಲ’ ಎಂದು ಬರೆದುಕೊಟ್ಟು ಊಟಕ್ಕೆ ಎದ್ದಿದ್ದಳು.

ಬ್ಯಾಗಿನಿಂದ ಫಾರಂ ತೆಗೆದಳು. ಮದ್ದು ಪ್ರಾಣಿಗೆ ಒಗ್ಗದೆ ಅಡ್ಡಪರಿಣಾಮವಾದರೆ ತುಂಬಿ ಕಳಿಸಬೇಕಾದ ಫಾರಂ. ಯಾರು ತುಂಬುತ್ತಾರೆ, ಅದು ಬೇರೆ ಮಾತು. ಕ್ಲಿನಿಕ್ಕಿನ ಮಾಲೀಕರಂತೂ ಬೆಳಿಗ್ಗೆಯೇ ಕಡ್ಡಿ ಮುರಿದ ಹಾಗೆ ಹೇಳಿದ್ದರು: “ಮದ್ದಿನ ಮ್ಯಾಲೆ ಹಾಕು, ಇಲ್ಲಾಂದ್ರ ಸುಮ್ನಿರು. ನಿಂದ ತಪ್ಪು ಅಂತ ಬರದ್ಯೋ, ನಾಳಿಂದ ಬರಬ್ಯಾಡ.”

“ಸಾಯುವಾಗ ಹೆಂಗ ಮಾಡಿದ್ವು ಖಾಲಾ?”

“ನಡುಗಿದ್ವು. ಜೊಲ್ಲು ಸುರೀತು. ಕುತ್ತಿಗಿ ತಿರುಗಿಸಿ ಬಿದ್ದುಬಿಟ್ವು.”

ಮದ್ದು ಹೆಚ್ಚಾದರೆ ಹೀಗೇ ಆಗುತ್ತದೆ. ಪುಸ್ತಕದಲ್ಲಿ ಓದಿದ್ದಳು, ಪರೀಕ್ಷೆಯಲ್ಲಿ ಬರೆದೂ ಇದ್ದಳು.

“ಉಳಿದ ನಾಕು?”

“ಆರಾಮ ಅದಾವ. ಅದೇ ಸೀಸೆ, ಅಷ್ಟೇ ಹನಿ. ಎಲ್ಲಕ್ಕೂ ನಾನೇ ಹಾಕೀನಿ. ಇವೆರಡು ತಾಯಿಲ್ಲದವು. ನಿಮ್ಮಲ್ಲಿಂದ ಬಂದ ದಿನಾನ ತಾಯಿನ್ನ ಗಿಡುಗ ಒಯ್ತು. ಗಂಡು ತಿರುಗಿ ನೋಡ್ಲಿಲ್ಲ. ನಮ್ಮ ಮನಿಯವರೇ ಮಾಳಿಗಿ ಮ್ಯಾಲೆ ಕುಂತು ಜ್ವಾಳ ಅಗದು, ಬಾಯಿಂದ ಬಾಯಿಗೆ ತಿನ್ನಿಸಿದ್ರು. ಹೆತ್ತ ಮಕ್ಕಳಿಗೂ ಹಿಂಗ ಉಣಿಸಿಲ್ಲ ನೋಡ್ರಿ ಈ ಮನಷ್ಯಾ.”

ಅದರಲ್ಲಿ ಲಲಿತಾಗೆ ಹೊಸದೇನೂ ಇರಲಿಲ್ಲ. ದೇವದುರ್ಗದ ಅವಳ ಓಣಿಯಲ್ಲೂ ಪಾರಿವಾಳ ಸಾಕುವವರು ತಬ್ಬಲಿ ಮರಿಗಳನ್ನು ಹಾಗೇ ಬದುಕಿಸುತ್ತಿದ್ದರು. ವಲಿ ಪಾಷಾ ಮಾಳಿಗೆಯಿಂದ ಇಳಿದು ಬಂದವನು ಬಾಯಿ ಮುಕ್ಕಳಿಸಿ, ಏಲಕ್ಕಿ ಅಗಿಯುತ್ತ ಗೋಡೆಗೊರಗಿ ಕೂತಿದ್ದ. ಬೈದಿದ್ದರಾದರೂ ಹಗುರಾಗುತ್ತಿತ್ತು ಎನಿಸಿತು ಅವಳಿಗೆ.

ಈ ಸಲ ತಕ್ಕಡಿ ತಂದಿದ್ದಳು. ಬದುಕಿದ ಮರಿಗಳನ್ನು ತೂಗಿದಳು, ಸತ್ತವನ್ನೂ ತೂಗಿದಳು. ಸತ್ತವು ಉಳಿದವುಗಳ ಅರ್ಧದಷ್ಟೂ ಇರಲಿಲ್ಲ. ಅಷ್ಟು ಸಣ್ಣ ಜೀವಕ್ಕೆ ಅಷ್ಟೇ ಹನಿ. ಇನ್ನು ಅನುಮಾನವೆಲ್ಲಿ ಬಂತು?

‘ಬೇರೆ ಏನಾದರೂ ಕೊಡಲಾಗಿತ್ತೇ?’ ಎಂದು ಫಾರಂ ಕೇಳಿತ್ತು.

“ಚಾಚಾ, ಮದ್ದು ಬಿಟ್ಟು ಬ್ಯಾರೆ ಏನರ ಕೊಟ್ಟಿದ್ರ್ಯಾ?”

ಅವನು ಇಲ್ಲವೆಂಬಂತೆ ತಗ್ಗಿಸಿದ ತಲೆ ಅಲ್ಲಾಡಿಸಿದ. “ಜ್ವಾಳ, ನೀರು. ಮತ್ತೇನು ಕೊಡ್ತಾರ?” ಎಂದಳು ಸುಗ್ರಾ.

ಲಲಿತಾ ‘ಇಲ್ಲ’ ಎಂದು ಬರೆದಳು. ಕೆಳಗೆ ಕಾರಣದ ಜಾಗದಲ್ಲಿ ಬರೆದದ್ದನ್ನು ಇಬ್ಬರಿಗೂ ಕೇಳುವಂತೆ ಓದಿದಳು: “ತೂಕ ನೋಡದೆ ಹೆಚ್ಚು ಮದ್ದು ಬರೆದುಕೊಟ್ಟೆ. ತಪ್ಪು ನನ್ನದು.”

ಸುಗ್ರಾಳ ಸಿಟ್ಟು ಅಲ್ಲಿಗೇ ಇಳಿಯಿತು. “ಇದನ್ನ ಕಳಿಸಿದ್ರ ನಿಮಗೇನಾಗ್ತದವ್ವಾ?”

“ಕೆಲಸ ಹೋಗ್ತದ.”

“ಮತ್ಯಾಕ ಬರೀತಿ? ಸತ್ತದ್ದು ತಿರುಗಿ ಬರ್ತಾವೇನು?”

“ನನಗ ನಾಚಿಕಿ ಆಗ್ಯಾದ ಖಾಲಾ. ಮುಚ್ಚಿಟ್ರ ಇನ್ನೊಂದು ಮರಿಗೆ ಮದ್ದು ಬರಿಯಾಕ ಕೈ ಏಳಂಗಿಲ್ಲ.”

ಅವಳು ಸಹಿ ಹಾಕಿದಳು. ಸಾಕಿದವರ ಸಹಿಯೂ ಬೇಕಿತ್ತು. ಪೆನ್ನನ್ನು ವಲಿ ಪಾಷಾನ ಕೈಗಿಟ್ಟಳು. ಅವನು ಅವಳ ಹೆಸರನ್ನೇ ನೋಡುತ್ತ ಕೂತ. ವಯಸ್ಸಾದವರು, ಮರಿಗಳ ಮೇಲೆ ಜೀವ ಇಟ್ಟುಕೊಂಡಿದ್ದರು ಎಂದು ಲಲಿತಾಗೆ ಮತ್ತಷ್ಟು ಸಂಕಟವಾಯಿತು.

“ನೀ ಒಳಗ ಹೋಗಿ ಚಾ ಇಡು,” ಎಂದ ಹೆಂಡತಿಗೆ.

ಸುಗ್ರಾ ಎದ್ದಳು. ಅವಳು ಬಾಗಿಲು ದಾಟುವುದರೊಳಗೆ ಅವನು ಪೆನ್ನು ಕೆಳಗಿಟ್ಟ.

“ಬ್ಯಾಡ, ಕುಂದ್ರು. ನೀನೂ ಕೇಳು.”

ಅವಳು ಕೂತಳು. ಅವನು ಇಬ್ಬರ ಮುಖವನ್ನೂ ನೋಡಲಿಲ್ಲ.

“ಡಾಕ್ಟರಮ್ಮ, ಆ ‘ಇಲ್ಲ’ ಅನ್ನೋದನ್ನ ಹೊಡದು ಹಾಕ್ರಿ, ಬಿಟ್ಟೀನಿ ಅಂತ ಇಕಿಗೆ ಆಣಿ ಮಾಡಿ ಹೇಳಿದ್ದ ಗುಟ್ಕಾ, ಆ ಮರಿಗಳಿಗೆ ಜ್ವಾಳ ಅಗದು ಕೊಡುವಾಗೆಲ್ಲ ನನ್ನ ದವಡ್ಯಾಗ ಇತ್ತು.”